ಮನೆ ಫೋನಿನ ಇಂಟರ್ನೆಟ್ ಅಡಾಪ್ಟರ್‌ನಲ್ಲಿ ಕಾಲ್ ಫಾರ್ವರ್ಡ್ ಹಾಕುವುದು: ಪೂರ್ತಿ ವಿವರ

ಗಂಗಾವತಿ, ಕಾರಟಗಿ ಕಡೆ ಅಕ್ಕಿ ಚೀಲದ ಮೇಲೆ ಲ್ಯಾಂಡ್‌ಲೈನ್ ನಂಬರ್ ಅಚ್ಚು ಹಾಕಿಸಿದವರು ಇನ್ನೂ ಇದ್ದಾರೆ. 08533 ಕೋಡಿನ ನಂಬರ್. ಚೀಲ ಊರೂರು ಸುತ್ತಿರುತ್ತದೆ. ವರ್ಷಗಳ ಹಿಂದಿನ ಗಿರಾಕಿಯೂ ಅದೇ ನಂಬರಿಗೆ ಫೋನ್ ಹಚ್ಚುತ್ತಾನೆ. ಹಾಗಾಗಿ ತಾಮ್ರದ ತಂತಿ ಹೋಗಿ ಫೈಬರ್ ಬಂದರೂ ನಂಬರ್ ಬಿಡಲು ಮನಸ್ಸು ಬರುವುದಿಲ್ಲ. ತೊಂದರೆ ಒಂದೇ. ಫೋನ್ ಮನೆಯಲ್ಲಿರುತ್ತದೆ, ಮನುಷ್ಯ ಮಿಲ್ಲಿನಲ್ಲೋ ಎಪಿಎಂಸಿಯಲ್ಲೋ ಇರುತ್ತಾನೆ. ರಾಯಚೂರಿನ ಹತ್ತಿ ವ್ಯಾಪಾರಿಗೂ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರಿಗೂ ಇದೇ ಕಥೆ.

ಇದಕ್ಕೆ ದಾರಿ ಕಾಲ್ ಫಾರ್ವರ್ಡ್. ಮನೆ ನಂಬರಿಗೆ ಬಂದ ಕಾಲ್ ಮೊಬೈಲಿಗೆ ಹೋಗುವಂತೆ ಮಾಡುವುದು. ಹಾಕಲು ಎರಡು ನಿಮಿಷ ಸಾಕು. ಆದರೆ ಎಲ್ಲಿ ಹಾಕುತ್ತೀರಿ ಅನ್ನುವುದು ಮುಖ್ಯ. ಹಳೇ ಫೋನನ್ನು ಇಂಟರ್ನೆಟ್ಟಿಗೆ ಜೋಡಿಸುವ ಮನೆಯ ಡಬ್ಬಿಯಲ್ಲಿ, ಅಂದರೆ ಅಡಾಪ್ಟರ್‌ನಲ್ಲಿ ಹಾಕಬಹುದು, ಫೋನ್ ಕಂಪನಿಯ ಸರ್ವರ್‌ನಲ್ಲೂ ಹಾಕಬಹುದು. ಎರಡೂ ಒಂದೇ ಅಂದುಕೊಂಡವರ ಫೋನ್ ಬೇಕಾದಾಗಲೇ ಕೈ ಕೊಡುತ್ತದೆ.

ಡಬ್ಬಿ ಯಾವುದು ನೋಡಿಕೊಳ್ಳಿ

ಮನೆಗಳಲ್ಲಿ ಎರಡು ಥರದ ವ್ಯವಸ್ಥೆ ಕಾಣುತ್ತದೆ.

ಒಂದು, ಫೈಬರ್ ಕಂಪನಿಯವರು ಗೋಡೆಗೆ ಹಾಕಿಕೊಟ್ಟ ಮೋಡೆಮ್. ಅದರ ಹಿಂದೆ ಇಂಟರ್ನೆಟ್ ಕೇಬಲ್‌ನ ತೂತುಗಳ ಪಕ್ಕದಲ್ಲೇ ಅವಕ್ಕಿಂತ ಸಣ್ಣದೊಂದು ತೂತು ಇರುತ್ತದೆ. ಅದರ ಮೇಲೆ ಟೆಲ್ ಅಂತಲೋ ಫೋನ್ ಅಂತಲೋ ಬರೆದಿರುತ್ತದೆ. ಹಳೇ ಫೋನಿನ ವೈರ್ ಅಲ್ಲಿಗೇ ಚುಚ್ಚುವುದು. ಇಲ್ಲಿ ಅಡಾಪ್ಟರ್ ಮೋಡೆಮ್ ಒಳಗೇ ಸೇರಿಕೊಂಡಿದೆ. ಇಂಥ ಮೋಡೆಮ್‌ನಲ್ಲಿ ಫೋನಿನ ಸೆಟ್ಟಿಂಗ್ ಸಾಮಾನ್ಯವಾಗಿ ಕಂಪನಿಯವರ ಬೀಗದಲ್ಲಿರುತ್ತದೆ. ನಿಮ್ಮ ಪಾಸ್‌ವರ್ಡ್‌ನಿಂದ ಒಳಗೆ ಹೋದರೆ ವೈಫೈ ಹೆಸರು ಬದಲಿಸಬಹುದು, ಅಷ್ಟೇ.

ಇನ್ನೊಂದು, ಬೇರೆಯೇ ಡಬ್ಬಿ. ಎಟಿಎ ಅನ್ನುತ್ತಾರೆ. ಅಂಗೈಯಗಲದ ಪೆಟ್ಟಿಗೆ. ಒಂದು ಕಡೆ ರೂಟರ್‌ನಿಂದ ಬಂದ ಕೇಬಲ್, ಇನ್ನೊಂದು ಕಡೆ ಫೋನ್. ಗ್ರ್ಯಾಂಡ್‌ಸ್ಟ್ರೀಮ್‌ನ ಎಚ್‌ಟಿ801, ಎಚ್‌ಟಿ802, ಸಿಸ್ಕೋದ ಎಸ್‌ಪಿಎ112 ಈ ಜಾತಿಯವು. 801ಕ್ಕೆ ಒಂದು ಫೋನ್ ಹಾಕಬಹುದು, 802ಕ್ಕೂ ಎಸ್‌ಪಿಎ112ಕ್ಕೂ ಎರಡೆರಡು. ಇಂಟರ್ನೆಟ್ ಫೋನ್ ಕಂಪನಿ ಕೊಟ್ಟ ಸಿಪ್ (ಇಂಟರ್ನೆಟ್ ಮೇಲೆ ಕಾಲ್ ಜೋಡಿಸುವ ಪದ್ಧತಿ) ಖಾತೆಯ ಹೆಸರು, ಪಾಸ್‌ವರ್ಡ್ ಇದರೊಳಗೆ ತುಂಬಿರುತ್ತದೆ. ಇದರ ಸೆಟ್ಟಿಂಗ್ ಬಹುಪಾಲು ನಿಮ್ಮ ಕೈಯಲ್ಲಿ.

ಫೋನ್ ಸೆಟ್ಟನ್ನೂ ಒಮ್ಮೆ ಮಗುಚಿ ನೋಡಿ. ಹಳೇ ಬಟನ್ ಫೋನುಗಳ ಅಡಿಯಲ್ಲಿ ಅಥವಾ ಪಕ್ಕದಲ್ಲಿ ಉಗುರಿನಿಂದ ಸರಿಸುವಂಥ ಸಣ್ಣ ಸ್ವಿಚ್ ಇರುತ್ತದೆ. ಒಂದು ಕಡೆ ಟೋನ್, ಇನ್ನೊಂದು ಕಡೆ ಪಲ್ಸ್. ಅದು ಟೋನ್ ಕಡೆಗೇ ಇರಬೇಕು. ಪಲ್ಸ್ ಕಡೆ ಇದ್ದರೆ ನಂಬರ್ ಒತ್ತಿದಾಗ ಕಿವಿಯಲ್ಲಿ ಟಕ್ ಟಕ್ ಟಕ್ ಅನ್ನುತ್ತದೆ, ಸ್ಟಾರ್ ಮತ್ತು ಹ್ಯಾಶ್ ಒತ್ತಿದರೆ ಡಬ್ಬಿಗೆ ಏನೂ ತಿಳಿಯುವುದಿಲ್ಲ. ಮುಂದಿನ ಕೋಡ್‌ಗಳೆಲ್ಲ ಸ್ಟಾರ್‌ನಿಂದಲೇ ಶುರು. ಅಟ್ಟದಿಂದ ಇಳಿಸಿದ ಫೋನ್ ಹಾಕಿಕೊಂಡವರು ಇದನ್ನು ನೋಡದೆ ಮುಂದೆ ಹೋಗಬೇಡಿ.

ಡಬ್ಬಿಯಲ್ಲೋ, ಕಂಪನಿಯಲ್ಲೋ?

ಡಬ್ಬಿಯಲ್ಲಿ ಫಾರ್ವರ್ಡ್ ಹಾಕಿದರೆ ಏನಾಗುತ್ತದೆ? ಗಿರಾಕಿ ಫೋನ್ ಮಾಡುತ್ತಾನೆ. ಕಾಲ್ ಕಂಪನಿಯ ಸರ್ವರ್‌ಗೆ ಬರುತ್ತದೆ. ಸರ್ವರ್ ನಿಮ್ಮ ಡಬ್ಬಿಯನ್ನು ಕೇಳುತ್ತದೆ. ಡಬ್ಬಿ ಕಾಲ್ ಎತ್ತುವುದಿಲ್ಲ, 302 ಅನ್ನುವ ಉತ್ತರ ಕೊಡುತ್ತದೆ. ಬಾಗಿಲಲ್ಲಿ ಆಡುವ ಹುಡುಗ ಬಂದವರಿಗೆ "ಅಪ್ಪಾರು ಮಿಲ್ಲಿಗೆ ಹೋಗ್ಯಾರ್ರಿ, ಅಲ್ಲಿಗೇ ಹೋಗ್ರಿ" ಅಂದ ಹಾಗೆ. ಆ ಉತ್ತರದ ಜೊತೆ ನಿಮ್ಮ ಮೊಬೈಲ್ ನಂಬರ್ ಹೋಗುತ್ತದೆ. ಸರ್ವರ್ ಕಾಲನ್ನು ಅಲ್ಲಿಗೆ ತಿರುಗಿಸುತ್ತದೆ. ಆಮೇಲೆ ಮಾತೆಲ್ಲ ಸರ್ವರ್ ಮೂಲಕವೇ ಸಾಗುತ್ತದೆ. ನಿಮ್ಮ ಮನೆಯ ಇಂಟರ್ನೆಟ್ಟನ್ನು ಅದು ತಿನ್ನುವುದಿಲ್ಲ.

ಆದರೆ ಬಾಗಿಲಲ್ಲಿ ಹುಡುಗ ಇರಬೇಕಲ್ವಾ? ಕರೆಂಟ್ ಹೋದರೆ, ಫೈಬರ್ ತುಂಡಾದರೆ, ರೂಟರ್ ಹ್ಯಾಂಗ್ ಆದರೆ ಉತ್ತರ ಕೊಡುವವರೇ ಇಲ್ಲ. ಶಕ್ತಿನಗರದಲ್ಲೂ ಕುಡತಿನಿಯಲ್ಲೂ ಕರೆಂಟ್ ತಯಾರಾಗುವುದು ನಮ್ಮ ಮಗ್ಗುಲಲ್ಲೇ. ಆದರೂ ಬೇಸಿಗೆಯ ಮಧ್ಯಾಹ್ನ, ಮಳೆಗಾಲದ ಮೊದಲ ಗಾಳಿಗೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಮನೆಗೆ ಬೀಗ ಹಾಕಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರು ಮೇನ್ ಸ್ವಿಚ್ ಆಫ್ ಮಾಡಿ ಹೋಗಿದ್ದರಂತೂ ಕೇಳುವುದೇ ಬೇಡ. ಫಾರ್ವರ್ಡ್ ಹಾಕಿದ್ದೂ ವ್ಯರ್ಥ.

ಇನ್ನೊಂದು ಕಿರಿಕಿರಿ ಇದೆ. ಡಬ್ಬಿ ಆಗಾಗ ಸರ್ವರ್‌ಗೆ ಹಾಜರಿ ಹಾಕುತ್ತಿರುತ್ತದೆ. ಗ್ರ್ಯಾಂಡ್‌ಸ್ಟ್ರೀಮ್‌ನಲ್ಲಿ ಅದರ ಅವಧಿ ಮೊದಲಿಂದ 60 ನಿಮಿಷ ಅಂತ ಇರುತ್ತದೆ. ಹಾಜರಿ ಹಾಕಿದ ಐದನೇ ನಿಮಿಷಕ್ಕೆ ಕರೆಂಟ್ ಹೋಯಿತು ಅನ್ನಿ. ಇನ್ನು ಐವತ್ತೈದು ನಿಮಿಷ ಡಬ್ಬಿ ಜೀವಂತ ಇದೆ ಅಂತಲೇ ಸರ್ವರ್ ನಂಬಿರಬಹುದು. ಆಗ ಕಾಲ್ ಬಂದರೆ ಸರ್ವರ್ ಡಬ್ಬಿಯನ್ನು ಕೂಗುತ್ತಾ ಕಾಯುತ್ತದೆ. ಸಿಪ್ ನಿಯಮದಲ್ಲಿ ಹಾಗೆ ಕಾಯುವ ಮಾಮೂಲಿ ಮಿತಿ 32 ಸೆಕೆಂಡ್. ಅಷ್ಟು ಹೊತ್ತು ಆ ಕಡೆಯವರಿಗೆ ರಿಂಗೂ ಇಲ್ಲ, ಬಿಝಿಯೂ ಇಲ್ಲ. ಸುಮ್ನೆ ಮೌನ. ಯಾರು ಕಾಯುತ್ತಾರೆ? ಕಟ್ ಮಾಡಿ ಬೇರೆ ವ್ಯಾಪಾರಿಗೆ ಹಚ್ಚುತ್ತಾರೆ. ಕಂಪನಿ ಒಪ್ಪಿದರೆ ಈ ಅವಧಿಯನ್ನು ಐದು ಹತ್ತು ನಿಮಿಷಕ್ಕೆ ಇಳಿಸಿಕೊಳ್ಳುವುದು ಒಳ್ಳೆಯದು.

ಕಂಪನಿಯ ಸರ್ವರ್‌ನಲ್ಲೇ ಫಾರ್ವರ್ಡ್ ಹಾಕಿದರೆ ಕಾಲ್ ನಿಮ್ಮ ಮನೆತನಕ ಬರಲೇಬೇಕಿಲ್ಲ. ಕರೆಂಟ್ ಇರಲಿ ಬಿಡಲಿ, ಮೊಬೈಲ್ ರಿಂಗಾಗುತ್ತದೆ. ಅದಕ್ಕೇ ನನ್ನ ಸಲಹೆ ಇದು. ಎಲ್ಲಾ ಕಾಲ್ ತಿರುಗಿಸುವುದು, ಡಬ್ಬಿ ಸಿಗದಿದ್ದಾಗ ತಿರುಗಿಸುವುದು ಇವೆರಡನ್ನು ಕಂಪನಿಯಲ್ಲೇ ಹಾಕಿ. ಬಿಝಿ ಇದ್ದಾಗ, ಎತ್ತದಿದ್ದಾಗ ತಿರುಗಿಸುವುದು ಡಬ್ಬಿಯಲ್ಲಿದ್ದರೂ ನಡೆಯುತ್ತದೆ. ಮನೆಯವರು ದಿನಾ ಹಾಕಿ ತೆಗೆಯುವುದಾದರೆ ಡಬ್ಬಿಯ ಕೋಡೇ ಸುಲಭ. ಅವ್ವನಿಗೆ ಕಂಪನಿಯ ವೆಬ್‌ಸೈಟ್ ತೆರೆದು ಲಾಗಿನ್ ಮಾಡಿ ಅನ್ನುವುದಕ್ಕಿಂತ "ರಿಸೀವರ್ ಎತ್ತಿ ಸ್ಟಾರ್ ಏಳು ಎರಡು ಒತ್ತವ್ವ" ಅನ್ನುವುದು ಸರಳ.

ಯಾವ ಥರದ ಫಾರ್ವರ್ಡ್ ಬೇಕು?

ನಾಲ್ಕು ಥರ ಇವೆ. ಎಲ್ಲಾ ಕಾಲ್ ನೇರವಾಗಿ ತಿರುಗಿಸುವುದು, ಇದರಲ್ಲಿ ಮನೆ ಫೋನ್ ರಿಂಗೇ ಆಗುವುದಿಲ್ಲ. ಮನೆ ಫೋನ್ ಬಿಝಿ ಇದ್ದಾಗ ತಿರುಗಿಸುವುದು. ಇಷ್ಟು ಸೆಕೆಂಡ್ ಆದರೂ ಯಾರೂ ಎತ್ತದಿದ್ದರೆ ತಿರುಗಿಸುವುದು. ನಾಲ್ಕನೆಯದು, ಡಬ್ಬಿಯೇ ಆಫ್ ಆಗಿದ್ದರೆ ತಿರುಗಿಸುವುದು. ಇದು ಕಂಪನಿಯಲ್ಲಿ ಮಾತ್ರ ಸಾಧ್ಯ. ಸತ್ತ ಡಬ್ಬಿ ತಾನು ಸತ್ತಿದ್ದೇನೆ ಅಂತ ಹೇಳಲಾರದು.

ಮನೆಯಲ್ಲಿ ಹಿರಿಯರು ಇದ್ದು, ನೀವು ಹೊರಗೆ ದುಡಿಯುವವರಾದರೆ ಮೂರನೆಯದು ಚೆನ್ನ. ಅವರಿಗೆ ಎತ್ತಲು ಆದರೆ ಎತ್ತುತ್ತಾರೆ, ಇಲ್ಲದಿದ್ದರೆ ನಿಮಗೆ ಬರುತ್ತದೆ. ಎಲ್ಲಾ ಕಾಲ್ ತಿರುಗಿಸಿಬಿಟ್ಟರೆ ಹಿರಿಯರಿಗೆ ಬೇಜಾರು. ಬೀಗರು, ಅಕ್ಕತಂಗಿಯರು ಮಾಡಿದ ಫೋನೂ ನಿಮ್ಮ ಮೊಬೈಲಿಗೇ ಬಂದು ಕೂರುತ್ತದೆ.

ನಂಬರ್ ಬರೆಯುವ ಕ್ರಮ

ಇದು ಸಣ್ಣ ವಿಷಯ. ಆದರೆ ಫಾರ್ವರ್ಡ್ ಹಾಕಿದ್ದು ಫಲಿಸದಿದ್ದರೆ ಮೊದಲು ಇಲ್ಲೇ ನೋಡಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಹಾಕಬೇಕು ಅನ್ನುವ ನಿಯಮ ಬಂತು. ಫಾರ್ವರ್ಡ್ ಅಂದರೂ ನಿಮ್ಮ ಮನೆ ನಂಬರಿನಿಂದ ಮೊಬೈಲಿಗೆ ಹೊರಡುವ ಕಾಲೇ. ಹಾಗಾಗಿ ಸೊನ್ನೆ ಹಾಕಿ, ಆಮೇಲೆ ಹತ್ತಂಕಿಯ ನಂಬರ್. ಮೊಬೈಲ್ ಫೋನ್‌ಬುಕ್‌ನಿಂದ ಕಾಪಿ ಮಾಡಿದರೆ ಮುಂದೆ +91 ಬರುತ್ತದೆ, ಮಧ್ಯೆ ಖಾಲಿ ಜಾಗ ಇರುತ್ತದೆ. ಅದನ್ನು ಹಾಗೇ ಅಂಟಿಸಬೇಡಿ.

ಕೆಲವು ಇಂಟರ್ನೆಟ್ ಫೋನ್ ಕಂಪನಿಗಳು 91 ಸೇರಿಸಿಯೇ ಕೇಳುತ್ತವೆ. ಗೊಂದಲವಿದ್ದರೆ ಹೀಗೆ ಮಾಡಿ: ಮನೆ ಫೋನ್ ಎತ್ತಿ ನಿಮ್ಮ ಮೊಬೈಲಿಗೆ ಒಂದು ಕಾಲ್ ಮಾಡಿ. ಯಾವ ಥರ ಒತ್ತಿದಾಗ ಮೊಬೈಲ್ ರಿಂಗಾಯಿತೋ, ಫಾರ್ವರ್ಡ್‌ನಲ್ಲೂ ಅದನ್ನೇ ಬರೆಯಿರಿ.

ಕಂಪನಿಯಲ್ಲಿ ಹಾಕುವುದು

ಸಿಪ್ ಖಾತೆ ಕೊಟ್ಟ ಕಂಪನಿಯ ವೆಬ್‌ಸೈಟ್‌ಗೆ ಲಾಗಿನ್ ಆಗಿ. ಕಾಲ್ ಸೆಟ್ಟಿಂಗ್ಸ್, ಫೀಚರ್ಸ್, ಫಾರ್ವರ್ಡಿಂಗ್ ಅಥವಾ ಫಾಲೋ ಮಿ ಅನ್ನುವ ಹೆಸರಲ್ಲಿ ಎಲ್ಲೋ ಒಂದು ಕಡೆ ಸಿಗುತ್ತದೆ. ನಂಬರ್ ಬರೆಯಿರಿ, ಥರ ಆರಿಸಿ, ಸೇವ್ ಒತ್ತಿ. ಪುಟವನ್ನು ಮತ್ತೆ ತೆರೆದು ನಂಬರ್ ಅಲ್ಲೇ ಇದೆಯಾ ನೋಡಿ. ಸೇವ್ ಒತ್ತದೆ ಪುಟ ಮುಚ್ಚಿದರೆ ಹಾಕಿದ್ದೆಲ್ಲ ಹೋಗುತ್ತದೆ.

ಫೈಬರ್ ಮೋಡೆಮ್‌ನ ಫೋನಾದರೆ ಕಂಪನಿಯ ಆ್ಯಪ್‌ನಲ್ಲಿ ಹುಡುಕಿ, ಇಲ್ಲದಿದ್ದರೆ ಕಸ್ಟಮರ್ ಕೇರ್‌ಗೆ ಹಚ್ಚಿ. ಹಚ್ಚಿದಾಗ ಮೂರು ಪ್ರಶ್ನೆ ಮರೆಯಬೇಡಿ. ಒಂದು, ನನ್ನ ಪ್ಲಾನ್‌ನಲ್ಲಿ ಫಾರ್ವರ್ಡ್ ಇದೆಯಾ? ಎರಡು, ಹಾಕಲು ತೆಗೆಯಲು ಕೋಡ್ ಏನು? ಮೂರು, ತಿರುಗಿದ ಕಾಲಿಗೆ ದುಡ್ಡು ಬೀಳುತ್ತದಾ? ಮೂರನೆಯದು ಮುಖ್ಯ. ಗಿರಾಕಿಯಿಂದ ನಿಮ್ಮ ಮನೆ ನಂಬರ್‌ವರೆಗಿನ ಖರ್ಚು ಅವನದು. ಅಲ್ಲಿಂದ ಮೊಬೈಲಿನವರೆಗೆ ನಿಮ್ಮದು. ಅನ್‌ಲಿಮಿಟೆಡ್ ಪ್ಲಾನ್ ಇದ್ದರೆ ಚಿಂತೆಯಿಲ್ಲ. ನಿಮಿಷದ ಲೆಕ್ಕದ ಪ್ಲಾನ್ ಇದ್ದರೆ ಸುಗ್ಗಿಯ ತಿಂಗಳ ಬಿಲ್ ನೋಡಿ ಹೌಹಾರುತ್ತೀರಿ.

ಹಾಗೇ, ನಿಮ್ಮ ಖಾತೆಯಲ್ಲಿ ಒಂದೇ ಹೊತ್ತಿಗೆ ಎಷ್ಟು ಕಾಲ್ ನಡೆಯಬಹುದು ಅಂತಲೂ ಕೇಳಿ. ಕೆಲವು ಖಾತೆಗಳಲ್ಲಿ ಒಂದು ಫಾರ್ವರ್ಡ್ ಕಾಲ್ ಎರಡು ಸಾಲು ಹಿಡಿಯುತ್ತದೆ, ಬಂದದ್ದು ಒಂದು, ಹೋದದ್ದು ಒಂದು. ಒಂದೇ ಸಾಲಿನ ಖಾತೆಯಲ್ಲಿ ಫಾರ್ವರ್ಡ್ ಆಗದೇ ಬಿಝಿ ಬಂದರೆ ಇದೇ ಕಾರಣ ಇರಬಹುದು.

ಡಬ್ಬಿಯಲ್ಲಿ ಕೋಡ್ ಒತ್ತಿ ಹಾಕುವುದು

ಗ್ರ್ಯಾಂಡ್‌ಸ್ಟ್ರೀಮ್‌ನ ಎಚ್‌ಟಿ ಸಾಲಿನ ಡಬ್ಬಿಗಳಿಗೂ, ಸಿಸ್ಕೋ ಎಸ್‌ಪಿಎ ಡಬ್ಬಿಗಳಿಗೂ ಈ ಕೋಡ್‌ಗಳು ಒಂದೇ. ಕಂಪನಿಯವರು ಬದಲಿಸಿರದಿದ್ದರೆ ಇವೇ ನಡೆಯುತ್ತವೆ.

ಎಲ್ಲಾ ಕಾಲ್ ತಿರುಗಿಸಲು *72, ತೆಗೆಯಲು *73.
ಬಿಝಿ ಇದ್ದಾಗ ತಿರುಗಿಸಲು *90, ತೆಗೆಯಲು *91.
ಎತ್ತದಿದ್ದಾಗ ತಿರುಗಿಸಲು *92, ತೆಗೆಯಲು *93.

ಕ್ರಮ ಹೀಗೆ. ರಿಸೀವರ್ ಎತ್ತಿ, ಡಯಲ್ ಟೋನ್ ಕೇಳಿ. *72 ಒತ್ತಿ. ಹಿಂದೆಯೇ ಸೊನ್ನೆ ಸೇರಿಸಿ ಮೊಬೈಲ್ ನಂಬರ್ ಒತ್ತಿ. ಕೊನೆಗೆ ಹ್ಯಾಶ್. ಈಗ ತಕ್ಷಣ ಇಡಬೇಡಿ. ಗ್ರ್ಯಾಂಡ್‌ಸ್ಟ್ರೀಮ್‌ನಲ್ಲಿ ಮತ್ತೆ ಡಯಲ್ ಟೋನ್ ಬಂದರೆ ಡಬ್ಬಿ ಒಪ್ಪಿಕೊಂಡಿದೆ ಅಂತ ಅರ್ಥ. ಆಮೇಲೆ ಇಡಿ. ಸಿಸ್ಕೋದಲ್ಲೂ ನಂಬರ್ ಒತ್ತಿದ ಮೇಲೆ ಒಪ್ಪಿಗೆಯ ಟೋನ್ ಬರುವ ತನಕ ಕಾಯಿರಿ. ಜೋರಾದ ಕುಯ್ಯೋ ಕುಯ್ಯೋ ಸದ್ದು ಬಂದರೆ ಒಪ್ಪಿಲ್ಲ.

ಇಲ್ಲೊಂದು ಗೋಜಲು. *72 ಅನ್ನುವ ಕೋಡಿಗೆ ಇಬ್ಬರು ಯಜಮಾನರು. ಡಬ್ಬಿಯೂ ಹಿಡಿಯಬಹುದು, ಕಂಪನಿಯ ಸರ್ವರೂ ಹಿಡಿಯಬಹುದು. ಗ್ರ್ಯಾಂಡ್‌ಸ್ಟ್ರೀಮ್‌ನ ಸೆಟ್ಟಿಂಗ್‌ನಲ್ಲಿ ಎನೇಬಲ್ ಕಾಲ್ ಫೀಚರ್ಸ್ ಅನ್ನುವ ಸಾಲು ಇದೆ. ಅದು ಯೆಸ್ ಇದ್ದರೆ ಡಬ್ಬಿಯೇ ಕೋಡನ್ನು ನುಂಗಿಕೊಳ್ಳುತ್ತದೆ, ಫಾರ್ವರ್ಡ್ ಡಬ್ಬಿಯಲ್ಲಿ ಕೂರುತ್ತದೆ. ನೋ ಇದ್ದರೆ ಕೋಡ್ ಕಂಪನಿಗೆ ಹೋಗುತ್ತದೆ. ನೀವು ಕಂಪನಿಯ ಕೋಡ್ ಒತ್ತುತ್ತಿದ್ದೀರಿ, ಡಬ್ಬಿ ಮಧ್ಯದಲ್ಲೇ ತಿನ್ನುತ್ತಿದೆ ಅಂದರೆ ಕಂಪನಿಗೆ ಸುದ್ದಿಯೇ ಮುಟ್ಟುವುದಿಲ್ಲ. ಕಂಪನಿಯವರು "ನಮ್ಮಲ್ಲಿ ಫಾರ್ವರ್ಡ್ ಆಗಿಲ್ಲ ಸರ್" ಅನ್ನುತ್ತಾರೆ, ನಿಮ್ಮ ಕಿವಿಗೆ ಮಾತ್ರ ಒಪ್ಪಿಗೆಯ ಟೋನ್ ಕೇಳುತ್ತಿರುತ್ತದೆ. ಎರಡೂ ಕಡೆ ಬೇರೆ ಬೇರೆ ನಂಬರಿಗೆ ಫಾರ್ವರ್ಡ್ ಹಾಕಿ ಕುಳಿತವರೂ ಇದ್ದಾರೆ. ಒಂದು ಕಡೆ ತೆಗೆದರೂ ಇನ್ನೊಂದು ಉಳಿದಿರುತ್ತದೆ. ಒಂದು ಜಾಗ ಆರಿಸಿಕೊಳ್ಳಿ, ಇನ್ನೊಂದನ್ನು ಖಾಲಿ ಬಿಡಿ.

ಬಿಝಿ ಫಾರ್ವರ್ಡ್ ಹಾಕುವವರು ಕಾಲ್ ವೇಟಿಂಗ್ ತೆಗೆಯಬೇಕು. ಅದು ಇದ್ದರೆ ಎರಡನೇ ಕಾಲ್ ಬಂದಾಗ ನಿಮ್ಮ ಕಿವಿಯಲ್ಲಿ ಬೀಪ್ ಅನ್ನುತ್ತದೆ. ಡಬ್ಬಿಯ ಲೆಕ್ಕದಲ್ಲಿ ಫೋನ್ ಬಿಝಿಯೇ ಅಲ್ಲ. ಗ್ರ್ಯಾಂಡ್‌ಸ್ಟ್ರೀಮ್‌ನಲ್ಲಿ *50 ಒತ್ತಿದರೆ ವೇಟಿಂಗ್ ಹೋಗುತ್ತದೆ, *51 ಒತ್ತಿದರೆ ಬರುತ್ತದೆ. ಸಿಸ್ಕೋ ಎಸ್‌ಪಿಎನಲ್ಲಿ ತೆಗೆಯಲು *57, ತರಲು *56. ಇನ್ನು *78 ಅಂದರೆ ಡೋಂಟ್ ಡಿಸ್ಟರ್ಬ್. ಮಕ್ಕಳು ಆಡುತ್ತಾ ಒತ್ತಿದ್ದರೆ ಫೋನ್ ರಿಂಗೇ ಆಗುವುದಿಲ್ಲ. *79 ಒತ್ತಿದರೆ ಸರಿ ಹೋಗುತ್ತದೆ.

ಕಂಪ್ಯೂಟರ್‌ನಿಂದ ಹಾಕುವುದು

ಕೋಡ್ ನಂಬದವರು, ಕಣ್ಣಾರೆ ನೋಡಬೇಕು ಅನ್ನುವವರು ಡಬ್ಬಿಯ ವೆಬ್ ಪುಟಕ್ಕೆ ಹೋಗಬಹುದು. ಮೊದಲು ಡಬ್ಬಿಯ ಐಪಿ ಅಡ್ರೆಸ್ ಬೇಕು. ಅದನ್ನು ಡಬ್ಬಿಯ ಬಾಯಿಂದಲೇ ಹೇಳಿಸಬಹುದು. ಗ್ರ್ಯಾಂಡ್‌ಸ್ಟ್ರೀಮ್ ಆದರೆ ರಿಸೀವರ್ ಎತ್ತಿ ಸ್ಟಾರ್ ಮೂರು ಸಲ ಒತ್ತಿ, ಮಾತು ಶುರುವಾದ ಮೇಲೆ 02 ಒತ್ತಿ. ಸಿಸ್ಕೋ ಆದರೆ ಸ್ಟಾರ್ ನಾಲ್ಕು ಸಲ, ಆಮೇಲೆ 110 ಮತ್ತು ಹ್ಯಾಶ್. ಇಂಗ್ಲಿಷಿನಲ್ಲಿ ಒಂದೊಂದೇ ಅಂಕಿ ಹೇಳುತ್ತದೆ. ಪೆನ್ನು ಕೈಯಲ್ಲಿಟ್ಟುಕೊಂಡು ಬರೆದುಕೊಳ್ಳಿ. 192.168.1.7 ಅನ್ನುವ ಥರ ಇರುತ್ತದೆ.

ಅದೇ ಮನೆಯ ವೈಫೈಗೆ ಸೇರಿದ ಕಂಪ್ಯೂಟರ್ ಅಥವಾ ಮೊಬೈಲಿನ ಬ್ರೌಸರ್‌ನಲ್ಲಿ ಆ ಅಂಕಿ ಹಾಕಿ. ಮೊಬೈಲ್ ಡೇಟಾ ಆನ್ ಇದ್ದರೆ ಆಫ್ ಮಾಡಿ. ಪಾಸ್‌ವರ್ಡ್ ಕೇಳುತ್ತದೆ. ಹೊಸ ಡಬ್ಬಿಗಳಲ್ಲಿ ಅದು ತಳದ ಸ್ಟಿಕ್ಕರ್ ಮೇಲೆ ಇರುತ್ತದೆ. ಕಂಪನಿಯೇ ಕೊಟ್ಟ ಡಬ್ಬಿ ಆದರೆ ಕಂಪನಿಯನ್ನೇ ಕೇಳಬೇಕು.

ಸಿಸ್ಕೋ ಎಸ್‌ಪಿಎ112ರಲ್ಲಿ ವಾಯ್ಸ್ ಟ್ಯಾಬ್ ಒತ್ತಿ, ಪಕ್ಕದಲ್ಲಿ ಯೂಸರ್ 1 ಆರಿಸಿ. ಮೇಲೆಯೇ ಕಾಲ್ ಫಾರ್ವರ್ಡ್ ಸೆಟ್ಟಿಂಗ್ಸ್ ಕಾಣುತ್ತದೆ. ಆಲ್ ಡೆಸ್ಟ್ ಅಂದರೆ ಎಲ್ಲಾ ಕಾಲಿಗೆ, ಬಿಝಿ ಡೆಸ್ಟ್ ಅಂದರೆ ಬಿಝಿ ಇದ್ದಾಗ, ನೋ ಆ್ಯನ್ಸ್ ಡೆಸ್ಟ್ ಅಂದರೆ ಎತ್ತದಿದ್ದಾಗ. ಬೇಕಾದ ಖಾನೆಯಲ್ಲಿ ನಂಬರ್ ತುಂಬಿ. ಬೇಡವಾದದ್ದು ಖಾಲಿ ಇರಲಿ. ನೋ ಆ್ಯನ್ಸ್ ಡಿಲೇ ಅನ್ನುವುದರಲ್ಲಿ ಸೆಕೆಂಡ್. ಕೆಳಗೆ ಸಬ್‌ಮಿಟ್.

ಗ್ರ್ಯಾಂಡ್‌ಸ್ಟ್ರೀಮ್‌ನ 801ರಲ್ಲಿ ಎಫ್‌ಎಕ್ಸ್‌ಎಸ್ ಪೋರ್ಟ್ ಪುಟ, 802ರಲ್ಲಿ ಪ್ರೊಫೈಲ್ ಪುಟ ತೆರೆಯಿರಿ. ಪುಟ ಉದ್ದ ಇದೆ, ನಿಧಾನಕ್ಕೆ ಕೆಳಗೆ ಬನ್ನಿ. ಎನೇಬಲ್ ಕಾಲ್ ಫೀಚರ್ಸ್ ಯೆಸ್ ಇದೆಯಾ ನೋಡಿ. ಡಿಲೇಡ್ ಕಾಲ್ ಫಾರ್ವರ್ಡ್ ವೇಟ್ ಟೈಮ್ ಅನ್ನುವ ಸಾಲಿನಲ್ಲಿ ಸೆಕೆಂಡ್ ಬದಲಿಸಿ. ಕೊನೆಗೆ ಅಪ್ಲೈ ಒತ್ತಿ. ಅಪ್‌ಡೇಟ್ ಮಾತ್ರ ಒತ್ತಿದರೆ ಬರೆದದ್ದು ಉಳಿಯುತ್ತದೆ, ಜಾರಿಗೆ ಬರುವುದಿಲ್ಲ. ಫಾರ್ವರ್ಡ್ ನಂಬರನ್ನು ಮಾತ್ರ ಫೋನಿನಿಂದ *72, *90, *92 ಒತ್ತಿಯೇ ಕೊಡಿ.

ಕಂಪನಿಯವರು ದೂರದಿಂದಲೇ ಡಬ್ಬಿಗೆ ಸೆಟ್ಟಿಂಗ್ ಕಳಿಸುವ ವ್ಯವಸ್ಥೆ ಇದ್ದರೆ ನೀವು ಹಗಲು ಬರೆದದ್ದು ರಾತ್ರಿ ಅಳಿಸಿ ಹೋಗಬಹುದು. ಎರಡು ಸಲ ಹಾಗಾದರೆ ಡಬ್ಬಿಯ ಜೊತೆ ಗುದ್ದಾಡಬೇಡಿ. ಅವರ ಕಡೆಯಿಂದಲೇ ಹಾಕಿಸಿ.

ಎಷ್ಟು ಸೆಕೆಂಡ್ ಇಡಬೇಕು?

ಎರಡೂ ಡಬ್ಬಿಗಳಲ್ಲಿ ಮೊದಲಿಂದ 20 ಸೆಕೆಂಡ್ ಇರುತ್ತದೆ. ರಿಂಗ್ ಲೆಕ್ಕದಲ್ಲಿ ಯೋಚಿಸುವವರು ಇಲ್ಲಿ ಮೋಸ ಹೋಗುತ್ತಾರೆ. ನಮ್ಮ ದೇಶದ ರಿಂಗ್ ಟ್ರಿಣ್ ಟ್ರಿಣ್ ಅಂತ ಜೋಡಿಯಾಗಿ ಬಡಿದು ಎರಡು ಸೆಕೆಂಡ್ ಸುಮ್ಮನಿರುತ್ತದೆ. ಒಂದು ಸುತ್ತಿಗೆ 3 ಸೆಕೆಂಡ್. ಗ್ರ್ಯಾಂಡ್‌ಸ್ಟ್ರೀಮ್ ಡಬ್ಬಿ ಹೊರಗಿನಿಂದ ಬಂದ ಹಾಗೆಯೇ ಇದ್ದರೆ ಅಮೆರಿಕದ ರಿಂಗ್ ಹೊಡೆಯುತ್ತದೆ. 2 ಸೆಕೆಂಡ್ ಉದ್ದಕ್ಕೆ ಬಡಿದು 4 ಸೆಕೆಂಡ್ ಮೌನ. ಸುತ್ತಿಗೆ 6 ಸೆಕೆಂಡ್. ಅಂದರೆ ಅದೇ 20 ಸೆಕೆಂಡ್ ನಮ್ಮ ರಿಂಗ್‌ನಲ್ಲಿ ಆರೇಳು ಸುತ್ತು, ಡಬ್ಬಿಯ ರಿಂಗ್‌ನಲ್ಲಿ ಮೂರೇ ಸುತ್ತು. ಅಜ್ಜ ಕುರ್ಚಿಯಿಂದ ಎದ್ದು ಬರುವಷ್ಟರಲ್ಲಿ ಫೋನ್ ನಿಂತುಹೋಯಿತು ಅಂತ ಬೈದರೆ ಅಜ್ಜನ ತಪ್ಪಲ್ಲ.

ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2019ರ ನವೆಂಬರ್‌ನಲ್ಲಿ ರಿಂಗ್ ಆಗುವ ಅವಧಿ ಗೊತ್ತು ಮಾಡಿತು. ಮೊಬೈಲಿಗೆ 30 ಸೆಕೆಂಡ್, ಲ್ಯಾಂಡ್‌ಲೈನಿಗೆ 60. ಮನೆಯಲ್ಲಿ 20 ಸೆಕೆಂಡ್ ಬಡಿದು, ಆಮೇಲೆ ಮೊಬೈಲಿನಲ್ಲಿ 30 ಸೆಕೆಂಡ್ ಬಡಿದರೆ ಆ ಕಡೆಯವರು 50 ಸೆಕೆಂಡ್ ಕಾದಂತೆ. ಹಳೇ ಗಿರಾಕಿ ಕಾದಾನು, ಹೊಸಬ ಕಾಯುವುದಿಲ್ಲ. ಚುರುಕಾಗಿ ಓಡಾಡುವವರು ಮನೆಯಲ್ಲಿದ್ದರೆ 15 ಸಾಕು. ವಯಸ್ಸಾದವರಿದ್ದರೆ 25 ಇಡಿ. ಮನೆ ದೊಡ್ಡದಿದ್ದು ಫೋನ್ ಪಡಸಾಲೆಯಲ್ಲಿದ್ದರೆ ಇನ್ನೂ ಎರಡು ಮೂರು ಸೆಕೆಂಡ್ ಸೇರಿಸಿದರೂ ಅಡ್ಡಿಯಿಲ್ಲ.

ಪರೀಕ್ಷೆ

ಮೂರನೇ ಫೋನ್ ಬೇಕೇ ಬೇಕು. ಯಾವ ಮೊಬೈಲಿಗೆ ಫಾರ್ವರ್ಡ್ ಹಾಕಿದ್ದೀರೋ ಅದರಿಂದಲೇ ಮನೆಗೆ ಮಾಡಿದರೆ ಕಾಲ್ ತಿರುಗಿ ಅದಕ್ಕೇ ಬರುತ್ತದೆ, ಅದು ಬಿಝಿ. ಆಗಿಲ್ಲ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳುತ್ತೀರಿ. ಪಕ್ಕದ ಮನೆಯವರ ಫೋನ್ ಇಸಿದುಕೊಳ್ಳಿ.

ಮಾಮೂಲಿ ಕಾಲ್ ಮಾಡಿ, ತಿರುಗಿತಾ ನೋಡಿ. ತಿರುಗಿದ ಕಾಲ್ ಎತ್ತಿ ಒಂದೆರಡು ನಿಮಿಷ ಮಾತಾಡಿ. ಎರಡೂ ಕಡೆ ದನಿ ಕೇಳಬೇಕು, ಮಧ್ಯೆ ಕಡಿಯಬಾರದು. ಮೊಬೈಲಿನಲ್ಲಿ ಯಾರ ನಂಬರ್ ಬಂತು ಗಮನಿಸಿ. ಕೆಲವು ಕಂಪನಿಗಳು ಗಿರಾಕಿಯ ನಂಬರ್ ತೋರಿಸುತ್ತವೆ, ಕೆಲವು ನಿಮ್ಮ ಮನೆ ನಂಬರನ್ನೇ ತೋರಿಸುತ್ತವೆ. ಎರಡನೆಯದಾದರೆ ಮಿಸ್ಡ್ ಕಾಲ್ ನೋಡಿ ತಿರುಗಿ ಮಾಡಲು ಬರುವುದಿಲ್ಲ, ನಿಮ್ಮ ಮನೆಗೇ ಹೋಗುತ್ತದೆ. ವ್ಯಾಪಾರದವರು ಇದನ್ನು ಮೊದಲೇ ತಿಳಿದಿರಬೇಕು.

ಆಮೇಲೆ ಡಬ್ಬಿಯ ಪ್ಲಗ್ ಕಿತ್ತು ಮತ್ತೊಂದು ಕಾಲ್ ಮಾಡಿ. ಕರೆಂಟ್ ಹೋದ ದಿನ ಏನಾಗುತ್ತದೆ ಅನ್ನುವುದು ಈಗಲೇ ಗೊತ್ತಾಗುತ್ತದೆ. ಪ್ಲಗ್ ಮತ್ತೆ ಹಾಕಿ, ದೀಪಗಳು ನೆಟ್ಟಗೆ ನಿಂತ ಮೇಲೆ ಇನ್ನೊಂದು ಕಾಲ್. ಫಾರ್ವರ್ಡ್ ಡಬ್ಬಿಯ ನೆನಪಿನಲ್ಲಿ ಉಳಿದಿದೆಯಾ ಅನ್ನುವುದು ಇದರಿಂದ ತಿಳಿಯುತ್ತದೆ.

ಕರೆಂಟ್ ಹೋದರೂ ಮನೆ ಫೋನ್ ನಡೆಯಲಿ ಅನ್ನುವವರು ರೂಟರ್‌ಗೆ ಹಾಕುವ ಮಿನಿ ಯುಪಿಎಸ್ ಕೊಳ್ಳಿ. ಆದರೆ ಮೋಡೆಮ್, ರೂಟರ್, ಎಟಿಎ ಮೂರಕ್ಕೂ ಕೊಡಬೇಕು. ರೂಟರ್ ಒಂದಕ್ಕೇ ಕೊಟ್ಟರೆ ವೈಫೈ ಕಾಣುತ್ತದೆ, ಇಂಟರ್ನೆಟ್ ಇರುವುದಿಲ್ಲ. ಪ್ರತಿಯೊಂದರ ಕರೆಂಟ್ ಅಡಾಪ್ಟರ್ ಮೇಲೆ 5 ವೋಲ್ಟ್ ಇದೆಯಾ 12 ಇದೆಯಾ ಓದಿ. 12ರ ಪಿನ್ನನ್ನು 5ರ ಡಬ್ಬಿಗೆ ಚುಚ್ಚಿದರೆ ಡಬ್ಬಿ ಸುಡುತ್ತದೆ.

ಆಗದಿದ್ದರೆ

ಕಾಲ್ ಮಾಡಿದ ಕೂಡಲೇ ಕಟ್ ಆದರೆ ನಂಬರ್ ಬರೆದ ಕ್ರಮ ನೋಡಿ, ಸೊನ್ನೆ ಇದೆಯಾ? ಅದು ಸರಿ ಇದ್ದರೆ ಕಂಪನಿ ಡಬ್ಬಿಯ 302 ಉತ್ತರವನ್ನು ಒಪ್ಪುತ್ತಿಲ್ಲ ಅನ್ನಿಸುತ್ತದೆ. ಎಲ್ಲಾ ಕಂಪನಿಗಳೂ ಒಪ್ಪುವುದಿಲ್ಲ. "ಡಬ್ಬಿಯಿಂದ 302 ಕಳಿಸಿದರೆ ನೀವು ತಿರುಗಿಸುತ್ತೀರಾ?" ಅಂತ ನೇರವಾಗಿ ಕೇಳಿ. ಇಲ್ಲ ಅಂದರೆ ಕಂಪನಿಯಲ್ಲೇ ಹಾಕುವುದೊಂದೇ ದಾರಿ.

ಒಂದು ಕಡೆಯ ದನಿ ಮಾತ್ರ ಕೇಳುತ್ತಿದೆ, ಅದೂ ಮನೆ ಫೋನಿನಲ್ಲಿ ನೇರ ಮಾತಾಡುವಾಗಲೂ ಹಾಗೇ ಅಂದರೆ ರೂಟರ್‌ನಲ್ಲಿ ಸಿಪ್ ಎಎಲ್‌ಜಿ (ಸಿಪ್ ಕಾಲಿನ ಮಾಹಿತಿಯನ್ನು ರೂಟರ್ ಮಧ್ಯದಲ್ಲೇ ತಿದ್ದುವ ಸೌಲಭ್ಯ) ಅನ್ನುವುದನ್ನು ಆಫ್ ಮಾಡಿ ನೋಡಿ.

ಇನ್ನು ಸುತ್ತು ಬೀಳುವುದು. ಮನೆ ಫೋನ್ ಮೊಬೈಲಿಗೆ ತಿರುಗುತ್ತದೆ, ಮೊಬೈಲ್ ಎತ್ತದಿದ್ದಾಗ ಮನೆಗೆ ತಿರುಗುವಂತೆ ಯಾವಾಗಲೋ ಹಾಕಿಟ್ಟಿರುತ್ತೀರಿ. ಕಾಲ್ ಎರಡರ ಮಧ್ಯೆ ಸುತ್ತಿ ಸುತ್ತಿ ಸಾಯುತ್ತದೆ. ಮೊಬೈಲಿನ ಕಾಲ್ ಸೆಟ್ಟಿಂಗ್‌ನಲ್ಲಿ ಫಾರ್ವರ್ಡಿಂಗ್ ಪುಟ ತೆರೆದು ಎಲ್ಲ ಖಾಲಿ ಇದೆಯಾ ನೋಡಿ. ಮೊಬೈಲಿನಿಂದ ##002# ಒತ್ತಿದರೆ ಮೊಬೈಲಿನ ಎಲ್ಲ ಫಾರ್ವರ್ಡ್ ಒಟ್ಟಿಗೆ ತೆಗೆಯಬಹುದು. ಇದು ಮೊಬೈಲಿನ ಕೋಡ್, ಮನೆ ಡಬ್ಬಿಗೆ ನಡೆಯದು.

ಫಾರ್ವರ್ಡೇ ಬೇಡ ಅನ್ನುವ ದಾರಿಯೂ ಇದೆ. ಕಂಪನಿ ಒಪ್ಪಿದರೆ ಅದೇ ಸಿಪ್ ಖಾತೆಯನ್ನು ಮೊಬೈಲಿನ ಲಿನ್‌ಫೋನ್ ಅಥವಾ ಝೋಯ್ಪರ್ ಥರದ ಆ್ಯಪ್‌ನಲ್ಲಿ ಹಾಕಬಹುದು. ಮನೆ ಫೋನೂ ಮೊಬೈಲೂ ಒಟ್ಟಿಗೆ ರಿಂಗಾಗುತ್ತವೆ. ತಿರುಗಿಸಿದ ಕಾಲಿನ ಖರ್ಚೂ ಇಲ್ಲ. ಆದರೆ ಹಳ್ಳಿ ಕಡೆ ಡೇಟಾ ಸಿಗದ ಜಾಗದಲ್ಲಿ ಇದು ಆಟಕ್ಕುಂಟು ಲೆಕ್ಕಕ್ಕಿಲ್ಲ. ಅಲ್ಲಿಗೆ ಫಾರ್ವರ್ಡೇ ಗಟ್ಟಿ.

ಕಳ್ಳರ ಕೈಗೆ ಸಿಗದಂತೆ

ಡಬ್ಬಿಯ ವೆಬ್ ಪುಟದ ಪಾಸ್‌ವರ್ಡ್ ಬದಲಿಸಿ. ರೂಟರ್‌ನಲ್ಲಿ ಪೋರ್ಟ್ ತೆರೆದು ಡಬ್ಬಿಯ ಪುಟ ಹೊರಗಿನಿಂದ ಕಾಣುವ ಹಾಗೆ ಮಾಡಬೇಡಿ. ಒಳಗೆ ನುಗ್ಗಿದವರು ಮಾಡುವುದು ಒಂದೇ ಕೆಲಸ. ನಿಮ್ಮ ನಂಬರಿಗೆ ಹೊರದೇಶದ ದುಬಾರಿ ನಂಬರಿನ ಫಾರ್ವರ್ಡ್ ಹಾಕುತ್ತಾರೆ, ತಾವೇ ಕಾಲ್ ಮಾಡುತ್ತಾರೆ, ಬಿಲ್ ನಿಮಗೆ. ಹೊರದೇಶಕ್ಕೆ ಫೋನ್ ಮಾಡುವ ಕೆಲಸ ಇಲ್ಲದಿದ್ದರೆ ಐಎಸ್‌ಡಿ ಬಂದ್ ಮಾಡಿಸಿ.

ಮೊಬೈಲಿನಲ್ಲಿ ನಡೆಯುವ ಮೋಸವೂ ಇದಕ್ಕೆ ಅಂಟಿಕೊಂಡದ್ದೇ. ಕೊರಿಯರ್‌ನವರು ಅಂತಲೋ, ಸಿಮ್ ಬಂದ್ ಆಗುತ್ತದೆ ಅಂತಲೋ ಹೇಳಿ ಸ್ಟಾರ್ 401, ಸ್ಟಾರ್ 21ರ ಥರ ಶುರುವಾಗುವ ಕೋಡ್ ಒತ್ತಿಸುತ್ತಾರೆ. ಒತ್ತಿದರೆ ನಿಮ್ಮ ಕಾಲ್‌ಗಳು ಅವರಿಗೆ ಹೋಗುತ್ತವೆ, ಫೋನ್ ಮಾಡಿ ಹೇಳುವ ಓಟಿಪಿಯೂ ಸೇರಿ. ಇದೇ ಕಾರಣಕ್ಕೆ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಸ್ಟಾರ್ 401 ಹ್ಯಾಶ್ ಥರದ ಕೋಡ್‌ನಿಂದ ಫಾರ್ವರ್ಡ್ ಹಾಕುವ ಸೌಲಭ್ಯ ನಿಲ್ಲಿಸಲು ಮೊಬೈಲ್ ಕಂಪನಿಗಳಿಗೆ ಹೇಳಿತು. ಮನೆ ಫೋನಿನಲ್ಲೂ ಅಷ್ಟೇ. ಯಾರೋ ಫೋನ್ ಮಾಡಿ "ಲೈನ್ ಚೆಕ್ ಮಾಡ್ತಿದೀವಿ, ಸ್ಟಾರ್ ಎಪ್ಪತ್ತೆರಡು ಒತ್ತಿ ಈ ನಂಬರ್ ಹಾಕ್ರಿ" ಅಂದರೆ ಒತ್ತಬಾರದು ಅಂತ ಮನೆಯವರಿಗೆಲ್ಲ ಹೇಳಿಡಿ.

ಹಾಕಿದ್ದನ್ನು ಮರೆಯುವುದೂ ಉಂಟು. ಒಂದು ಚೀಟಿಯಲ್ಲಿ ಎಲ್ಲಿ ಫಾರ್ವರ್ಡ್ ಹಾಕಿದ್ದೀರಿ, ಯಾವ ನಂಬರಿಗೆ, ತೆಗೆಯುವ ಕೋಡ್ ಏನು ಅಂತ ಬರೆದು ಫೋನಿನ ತಳಕ್ಕೆ ಸೆಲ್ಲೋಟೇಪ್ ಹಚ್ಚಿ. ನಿಮಗೆ ಗೊತ್ತಿಲ್ಲದ ನಂಬರಿಗೆ ಫಾರ್ವರ್ಡ್ ಆಗಿರುವುದು ಕಂಡರೆ ಮೊದಲು *73, *91, *93 ಮೂರನ್ನೂ ಒತ್ತಿ ತೆಗೆಯಿರಿ. ಆಮೇಲೆ ಕಂಪನಿಯ ಪುಟದಲ್ಲೂ ತೆಗೆದು ಪಾಸ್‌ವರ್ಡ್ ಬದಲಿಸಿ. ಬ್ಯಾಂಕಿನಿಂದ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.